ಕಾಣೆಯಾದ ಕಣ್ಣು

ಯಂತ್ರದ ಮೇಲಿನ ಬಟ್ಟೆ ಸರಿಸಿದಾಗ ಕಣ್ಣು ಇರಲಿಲ್ಲ.

ನಾಲ್ಕು ಸ್ಕ್ರೂ ತೂತುಗಳು ಖಾಲಿ. ಎರಡು ತಂತಿಗಳು ನೇತಾಡುತ್ತಿದ್ದವು. ನಾಗೇಂದ್ರ ಮೊದಲು ನೆಲ ನೋಡಿದ, ಆಮೇಲೆ ಬೇಸಿನ್ನಿನ ಒಳಗೆ, ಆಮೇಲೆ ಮತ್ತೆ ಅದೇ ಜಾಗ. 2002ರ ನವೆಂಬರ್, ಗುರುವಾರ, ಬೆಳಗ್ಗೆ ಏಳು ಗಂಟೆ. ಮರುದಿನ ಹತ್ತು ಗಂಟೆಗೆ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಈ ಯಂತ್ರದ ಪರೀಕ್ಷೆ.

ಕಣ್ಣು ಎಂದು ಮನೆಯವರು ಕರೆಯುತ್ತಿದ್ದದ್ದು ನಶ್ಯದ ಡಬ್ಬಿಯಷ್ಟು ಚಿಕ್ಕ ತಗಡಿನ ಪೆಟ್ಟಿಗೆಯನ್ನು. ಒಳಗೆ ಎರಡು ಗಾಜಿನ ತುಂಡು, ಅವುಗಳ ನಡುವೆ ನೂಲು ಹಾದುಹೋಗುವ ಕೂದಲೆಳೆಯಷ್ಟು ಸಂದು, ಹಿಂದೆ ಒಂದು ಸರ್ಕ್ಯೂಟ್. ರೇಷ್ಮೆ ನೂಲು ತೆಗೆಯುವವರ ಕಷ್ಟಕ್ಕೆಲ್ಲ ಪರಿಹಾರ ಆ ಸಂದಿನಲ್ಲಿತ್ತು. ಬಿಸಿನೀರಲ್ಲಿ ತೇಲುವ ಎಂಟು ಗೂಡುಗಳ ಎಳೆ ಸೇರಿ ಒಂದು ನೂಲಾಗುತ್ತದೆ. ಒಂದು ಗೂಡು ಮುಗಿದರೆ ನೂಲು ತೆಳುವಾಗುತ್ತದೆ. ಆ ಕ್ಷಣವೇ ಹೊಸ ಗೂಡಿನ ಎಳೆ ಕೊಡಬೇಕು, ಇಲ್ಲವಾದರೆ ನೂಲು ಕಡಿಯುತ್ತದೆ. ತಿ. ನರಸೀಪುರದ ಶೆಡ್ಡುಗಳಲ್ಲಿ ಅದನ್ನು ಹೆಂಗಸರು ಕುದಿಯುವ ನೀರಿಗೆ ಬೆರಳಿಟ್ಟು ಮಾಡುತ್ತಾರೆ. ಹೊರದೇಶದ ಯಂತ್ರಗಳು ತಾವೇ ಮಾಡುತ್ತವೆ. ಅವುಗಳ ಬೆಲೆಗೆ ಇಲ್ಲಿಯ ಹತ್ತು ಶೆಡ್ಡು ಕಟ್ಟಬಹುದು. ನಾಗೇಂದ್ರನ ಯಂತ್ರದಲ್ಲಿ ನೂಲು ತೆಳುವಾದರೆ ಕಣ್ಣು ಗುರುತಿಸುತ್ತಿತ್ತು, ಹಿತ್ತಾಳೆಯ ಪುಟ್ಟ ತೋಳು ಹೊಸ ಎಳೆ ಕೊಡುತ್ತಿತ್ತು. ಅದರ ಖರ್ಚು ಒಂದು ಮೊಪೆಡ್ಡಿನಷ್ಟು.

ಪರೀಕ್ಷೆ ಗೆದ್ದರೆ ನಂಜನಗೂಡಿನ ಯಂತ್ರ ಕಂಪನಿಯೊಂದು ಅದನ್ನು ಅವನ ಹೆಸರಿನಲ್ಲೇ ತಯಾರಿಸಲಿತ್ತು. ಆ ನಂಬಿಕೆಯ ಮೇಲೆ ಅವನು ಹತ್ತು ದಿನದ ಹಿಂದೆ ಕಾರ್ಖಾನೆಯ ಕೆಲಸ ಬಿಟ್ಟಿದ್ದ.

ಎಸ್‌ಟಿಡಿ ಬೂತಿನಿಂದ ಅವನು ಮೊದಲು ಫೋನ್ ಮಾಡಿದ್ದು ಅಲಮೇಲು ಅವರಿಗೆ. ಅಲಮೇಲು ಇಪ್ಪತ್ತಾರು ವರ್ಷ ರೇಷ್ಮೆ ಪರೀಕ್ಷಾ ಕೇಂದ್ರದಲ್ಲಿ ನೂಲು ಅಳೆದವರು. ನಿವೃತ್ತಿಯ ಮೇಲೆ ಮೈಸೂರಿನ ಒಂದು ಉದ್ಯಮ ನೆರವು ಕೇಂದ್ರಕ್ಕೆ ತಾಂತ್ರಿಕ ಪರಿಶೀಲಕಿ. ಜಿಲ್ಲೆಯ ಸಣ್ಣ ವರ್ಕ್‌ಶಾಪುಗಳಲ್ಲಿ ಹೊಸದೇನಾದರೂ ಹುಟ್ಟಿದರೆ ಹುಡುಕಿ, ಪರೀಕ್ಷಿಸಿ, ಕಂಪನಿಗಳಿಗೆ ಜೋಡಿಸುವುದು ಆ ಕೇಂದ್ರದ ಕೆಲಸ. ನಾಗೇಂದ್ರನ ಯಂತ್ರಕ್ಕೆ ಶಿಫಾರಸು ಬರೆದದ್ದು ಅವರೇ.

ನಂಜನಗೂಡಿನ ಮನೆಯಿಂದ ಬಸ್ಸು ಹಿಡಿದು ಒಂಬತ್ತೂಕಾಲಿಗೆ ಅವರು ನರಸೀಪುರದ ಶೆಡ್ಡಿನಲ್ಲಿದ್ದರು. ಆಗಲೇ ನಾಗೇಂದ್ರ ಪೊಲೀಸ್ ದೂರನ್ನು ಬರೆದಿಟ್ಟಿದ್ದ. ಆರೋಪಿಯ ಹೆಸರೂ ಅದರಲ್ಲಿತ್ತು — ಸಿದ್ದು.

"ಸಿದ್ದು ಯಾರು? ಸರ್ಕ್ಯೂಟ್ ಮಾಡಿದವರೇ?"

"ಹೂಂ ಮೇಡಂ. ಹೆಮ್ಮರಗಾಲದವನು. ನಂಜನಗೂಡಲ್ಲಿ ಟೀವಿ ರಿಪೇರಿ ಅಂಗಡಿ. ಇಲ್ಲಿ ಅಜ್ಜಿ ಮನೇಲಿದ್ದು, ಒಂದನೇ ಕ್ಲಾಸಿಂದ ನನ್ ಜೊತೇಲಿ ಓದ್ದವ್ನು."

"ಅವರೇ ಯಾಕೆ?"

ನಾಗೇಂದ್ರ ಹೇಳಿದ್ದು ಇಷ್ಟು. ಮಂಗಳವಾರ ಕಂಪನಿಯ ಪತ್ರ ಬಂತು. ಅದನ್ನು ಜಗಲಿಯ ಮೇಲೆ ಕೂತು ಅವನು ಎರಡು ಸಲ ಜೋರಾಗಿ ಓದಿದ. ಕೇಳಲು ತಾಯಿ ಇದ್ದರು, ಸಿದ್ದು ಇದ್ದ. ಓದಿ ಮುಗಿದ ಮೇಲೆ ಸಿದ್ದು, ಪರೀಕ್ಷೆ ಆರು ತಿಂಗಳು ಮುಂದಕ್ಕೆ ಹಾಕು ಎಂದ. ಮಾತಿಗೆ ಮಾತು ಬೆಳೆಯಿತು. ಹೊಟ್ಟೆಕಿಚ್ಚು ಎಂದು ಇವನು ಅಂದ. ಅವನು ಎದ್ದುಹೋದ. ಬುಧವಾರ ನಾಗೇಂದ್ರ ಮೈಸೂರಿಗೆ ಹೋಗಿದ್ದಾಗ ಸಿದ್ದು ಮತ್ತೆ ಬಂದಿದ್ದ, ತನ್ನ ಮೀಟರ್ ತೆಗೆದುಕೊಂಡು ಹೋಗಲು.

"ಪರೀಕ್ಷೆ ನಿಲ್ಲಬೇಕು ಅಂತ ಅಂದೋನು ಅವನೊಬ್ನೇ. ಪರೀಕ್ಷೆ ನಿಂತಿದೆ. ಇನ್ನೇನು ಬೇಕು ಮೇಡಂ?"

ಅಲಮೇಲು ಪತ್ರ ಕೇಳಿ ಪಡೆದು ಓದಿದರು. ಪರೀಕ್ಷೆ ನಾಲ್ಕು ಗಂಟೆ. ಬೀಗ ಹಾಕಿದ ಕೋಣೆ. ಗೂಡು ಹಾಕುವುದು, ಮುಗಿದ ಗೂಡಿನ ಹುಳು ತೆಗೆಯುವುದು ಕಂಪನಿಯ ಕೆಲಸಗಾರರು. ಯಂತ್ರ ಮಾಡಿದವರ ಕಡೆಯವರು ಯಾರೂ ಒಳಗಿರುವಂತಿಲ್ಲ.

ಆಮೇಲೆ ಶೆಡ್ಡು ನೋಡಿದರು. ಒಂದೇ ಬಾಗಿಲು. ಅದರ ಪಕ್ಕದ ಗೋಡೆಗೆ ಮೋಟಾರಿನ ಸ್ವಿಚ್ಚು. ಬೀಗ ಮುರಿದಿರಲಿಲ್ಲ, ಬೀಗದ ಕೈ ಯಾವಾಗಲೂ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಮೋಟಾರು ಇತ್ತು. ತಾಮ್ರದ ತಂತಿಯ ಸುರುಳಿ ಇತ್ತು. ಕಪಾಟಿನಲ್ಲಿ ಯಂತ್ರದ ನಕ್ಷೆಗಳ ನೋಟ್‌ಬುಕ್ಕೂ ಇತ್ತು.

"ಸ್ಕ್ರೂಗಳೆಲ್ಲಿ?"

ನಾಲ್ಕೂ ಸ್ಕ್ರೂ ಒಂದು ಬಾಟಲಿ ಮುಚ್ಚಳದಲ್ಲಿದ್ದವು, ಯಂತ್ರದ ಕಾಲಿನ ಹತ್ತಿರ, ಯಾರೂ ತುಳಿಯದಂತೆ ಗೋಡೆಗೆ ಒತ್ತಿ. ಅಲಮೇಲು ಒಂದನ್ನು ಬೆಳಕಿಗೆ ಹಿಡಿದರು. ತಲೆಯ ಗೀರು ಅಂಚಿನಲ್ಲಿ ಸವೆದಿತ್ತು. ಚಪ್ಪಟೆಯಾದ, ಸರಿಯಾಗಿ ಕೂರದ ಏನನ್ನೋ ಇಟ್ಟು ಹಲವು ಸಲ ಜಾರಿಸಿ ತಿರುಗಿಸಿದ ಗುರುತು.

ಅಷ್ಟರಲ್ಲಿ ಕಾಫಿ ಬಂತು. ತಂದವರು ನಾಗೇಂದ್ರನ ತಾಯಿ ಮಂಗಳಮ್ಮ. ತಟ್ಟೆಯ ಮೇಲೆ ಲೋಟ; ತಟ್ಟೆಯ ಅಡಿಗೆ ಸೆರಗಿನಲ್ಲಿ ಮುಚ್ಚಿದ ಕೈ. ಮೂವತ್ತು ವರ್ಷ ಇದೇ ಊರಿನ ಶೆಡ್ಡುಗಳಲ್ಲಿ ನೂಲು ತೆಗೆದು ಮಗನನ್ನು ಡಿಪ್ಲೊಮಾ ಓದಿಸಿದ ಹೆಂಗಸು. ಯಂತ್ರ ಹುಟ್ಟಿದ್ದು ಆ ಕೈಗಳಿಂದಲೇ ಎಂದು ನಾಗೇಂದ್ರ ಅರ್ಜಿಯಲ್ಲಿ ಬರೆದಿದ್ದ. ಚಿಕ್ಕವನಿದ್ದಾಗ ಅವ್ವನ ಬೆರಳುಗಳು ಬೆಂದ ಗೆಣಸಿನ ಹಾಗೆ ಬಿರಿದಿರುತ್ತಿದ್ದವು, ತುತ್ತು ಕಲಸಲು ಆಗದೆ ಚಮಚದಲ್ಲಿ ಉಣ್ಣಿಸುತ್ತಿದ್ದಳು ಎಂದು.

"ಎಂಟು ತಿಂಗಳಾಯ್ತು ಮೇಡಂ, ಅವ್ವ ಬಿಸಿನೀರಿಗೆ ಕೈ ಇಟ್ಟಿಲ್ಲ," ಎಂದ ನಾಗೇಂದ್ರ. "ಬಾಯ್ಲರಿಗೆ ಬೆಂಕಿ ಹಾಕ್ತಾಳೆ, ಸೌಟಲ್ಲಿ ಗೂಡು ಬಿಡ್ತಾಳೆ. ಅಷ್ಟೇ."

ಅಲಮೇಲು ಆಕೆಯನ್ನು ಕೇಳಿದರು — ನಿನ್ನೆ ಮನೆಗೆ ಯಾರು ಯಾರು ಬಂದರು?

"ಸಿದ್ದು ಬಂದಿದ್ದ. ಮೀಟ್ರು ತಕ್ಕಂಡು ಓದ. ಕಾಫಿ ಕುಡಿ ಅಂದ್ರೂ ನಿಲ್ನಿಲ್ಲ." ಆಕೆ ಮತ್ತೆ ಹೇಳಿದಳು. "ಅವ್ನಲ್ಲ ಕಣವ್ವ, ಅಮ್ಮಾವ್ರೇ. ಅವ್ನಲ್ಲ."

"ಹೇಗೆ ಗೊತ್ತು?"

"ಗೊತ್ತು."

"ಅವ್ವ, ನೀನು ಒಳಕ್ಕೆ ಹೋಗು," ಎಂದ ನಾಗೇಂದ್ರ. "ನಿಂಗೆ ಎಲ್ರೂ ಒಳ್ಳೆಯವ್ರೇ."

ಲೋಟ ಹಿಂತಿರುಗಿಸುವಾಗ ಅದರ ಅಂಚಿನಲ್ಲಿ ಹಳದಿ ಬೆರಳಚ್ಚೊಂದು ಅಲಮೇಲು ಅವರಿಗೆ ಕಂಡಿತು. ಅಡುಗೆಮನೆಯ ಅರಿಶಿನ ಎಂದುಕೊಂಡರು. ನಾಲ್ಕು ಗಂಟೆಯವರೆಗೆ ದೂರು ಕೊಡಬೇಡಿ ಎಂದು ನಾಗೇಂದ್ರನಿಂದ ಮಾತು ತೆಗೆದುಕೊಂಡು ಹೊರಟರು.

ಬಸ್‌ಸ್ಟ್ಯಾಂಡಿನಿಂದ ಕಂಪನಿಗೆ ಫೋನ್ ಮಾಡಿದರು. ಅಲ್ಲಿ ಈ ಯೋಜನೆ ನೋಡಿಕೊಳ್ಳುವವನು ಚಿನ್ಮಯ ಎಂಬ ಎಂಜಿನಿಯರ್. ಕಳೆದ ವಾರ ಶೆಡ್ಡಿಗೆ ಬಂದು ಕಣ್ಣನ್ನು ಬಿಚ್ಚಿ ತೋರಿಸಿ ಎಂದು ಕೇಳಿ, ಇಲ್ಲ ಅನ್ನಿಸಿಕೊಂಡು ಹೋಗಿದ್ದ. ಬುಧವಾರ ಎಲ್ಲಿದ್ದಿರಿ ಎಂದಾಗ ಆತನಿಗೆ ನಗು ಬಂತು. ದಿನವಿಡೀ ಪರೀಕ್ಷೆಯ ಕೋಣೆಗೆ ನೀರಿನ ಪೈಪು ಹಾಕಿಸುತ್ತಿದ್ದೆ, ಆರು ಜನ ಸಾಕ್ಷಿ ಇದ್ದಾರೆ ಎಂದ. ನಾನು ಕದಿಯುವುದಾದರೆ ನೋಟ್‌ಬುಕ್ ಕದಿಯುತ್ತಿದ್ದೆ, ಡಬ್ಬಿ ತಗೊಂಡು ಏನು ಮಾಡಲಿ ಎಂದೂ ಸೇರಿಸಿದ. ಅಲಮೇಲು ಅದನ್ನು ಒಪ್ಪಿದರು. ನೋಟ್‌ಬುಕ್ ಕಪಾಟಿನಲ್ಲೇ ಇತ್ತಲ್ಲ.

ಹನ್ನೆರಡಕ್ಕೆ ಅವರು ಸಿದ್ದುವಿನ ಅಂಗಡಿಯಲ್ಲಿದ್ದರು. ಬೆನ್ನು ಬಿಚ್ಚಿದ ಟೀವಿಗಳ ನಡುವೆ ಅವನು ಕೂತಿದ್ದ. ಎದುರಿನ ಹಲಗೆಯ ಮೇಲೆ ಸ್ಕ್ರೂಡ್ರೈವರುಗಳು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ.

"ಕಣ್ಣು ಕಾಣೆಯಾಗಿದೆ, ಗೊತ್ತೇ?"

"ನರಸೀಪುರದ ಬೂತಿನವ್ರು ಆಗ್ಲೇ ಇಲ್ಲೀಗಂಟ ಸುದ್ದಿ ಮುಟ್ಸವ್ರೆ." ಅವನು ಕೈಯಲ್ಲಿದ್ದ ಸೋಲ್ಡರಿಂಗ್ ಕಡ್ಡಿಯನ್ನು ಕೆಳಗಿಟ್ಟ. "ನಂಗೆ ಟೀವಿ ರಿಪೇರಿ ಗೊತ್ತು ಮೇಡಂ. ಕಳ್ತನ ಇನ್ನೂ ಕಲ್ತಿಲ್ಲ."

"ಪರೀಕ್ಷೆ ಮುಂದಕ್ಕೆ ಹಾಕಿ ಅಂದದ್ದು ಯಾಕೆ?"

"ಅಂಟು ಮೇಡಂ. ರೇಷ್ಮೆ ಮೈಮೇಲೆ ಅಂಟು ಇರ್ತದಲ್ಲ, ಅದು ಗಾಜಿನ ಸಂದೀಲಿ ಕೂತ್ಕೊಳ್ತದೆ. ನಾನು ಇಲ್ಲಿ ಬೆಂಚಿನ ಮೇಲೆ ಮಾಡಿ ನೋಡಿದ್ದೆ. ಹದಿನೈದು ನಿಮಿಷ, ಇಪ್ಪತ್ತು ನಿಮಿಷ. ಆಮೇಲೆ ನೂಲು ತೆಳ್ಳಗಾದ್ರೂ ದಪ್ಪ ಅದೆ ಅಂತಾನೇ ಯೋಳ್ತದೆ."

"ಆದರೆ ನಾಗೇಂದ್ರ ಸುತ್ತಿ ಕಳಿಸಿದ ನೂಲಿನ ಲಡಿಗಳನ್ನು ಅಳೆದವಳು ನಾನು. ಒಂದೊಂದು ಲಡಿಗೂ ಮೂರು ನಾಲ್ಕು ಗಂಟೆಯ ನೂಲು. ಒಂದೇ ಸಮ ಇತ್ತು."

"ಅದೇ ನಂಗೂ ಅರ್ಥ ಆಗ್ನಿಲ್ಲ. ಅವನೂ ಅದನ್ನೇ ಅಂದ. ಲಡಿ ನೋಡು, ರಿಪೋರ್ಟು ನೋಡು, ನಿನ್ ಬೆಂಚಿಗೇ ಏನೋ ಆಗಿರ್ಬೇಕು ಅಂದ." ಸಿದ್ದು ರಸ್ತೆಯ ಕಡೆ ನೋಡಿದ. "ಆಮೇಲೆ, ಇನ್ಮೇಲೆ ಒಳಕ್ಕೆ ಬರ್ಬೇಡ ಅಂದ. ಚಿಕ್ಕೋನಾಗಿದ್ದಾಗಿಂದ ಆ ಮನೇಲಿ ಉಂಡಿದ್ದೀನಿ. ಮಂಗಳವ್ವನ ಕೈಯಲ್ಲಿ. ಆ ಮಾತ ನಾನು ಬ್ಯಾರೆ ಮನೇಗಳಲ್ಲಿ ಕೇಳಿದ್ದೆ. ಆ ಮನೇಲಿ ಕೇಳಿರ್ಲಿಲ್ಲ."

ಅಲಮೇಲು ಸಾಲಿನಿಂದ ಒಂದು ಸ್ಕ್ರೂಡ್ರೈವರ್ ಎತ್ತಿ ನೋಡಿದರು. ಆ ಸ್ಕ್ರೂಗಳಿಗೆ ಅಳತೆ ಹಿಡಿದಂತೆ ಕೂರುವ ತುದಿ. ಅದನ್ನು ಮತ್ತೆ ಅದರ ಜಾಗದಲ್ಲೇ ಇಟ್ಟರು.

"ಸಂಜೆ ನಾಲ್ಕಕ್ಕೆ ನರಸೀಪುರಕ್ಕೆ ಬನ್ನಿ."

"ಬಾಗ್ಲವರೆಗೆ ಬತ್ತೀನಿ."

ಮನೆಗೆ ಬಂದು ಅಲಮೇಲು ಊಟಕ್ಕೆ ಕೂರಲಿಲ್ಲ. ಫೈಲು ತೆಗೆದರು. ಎಂಟು ತಿಂಗಳಲ್ಲಿ ಹನ್ನೊಂದು ಲಡಿ, ಹನ್ನೊಂದು ವರದಿ, ಎಲ್ಲ ಅವರದೇ ಅಕ್ಷರ. ದಪ್ಪ — ಸಮ. ಕಡಿತ — ಕಡಿಮೆ. ಕೊನೆಯ ಸಾಲಿನಲ್ಲಿ 'ಇತರೆ' ಎಂಬ ಖಾನೆ. ಹನ್ನೊಂದರಲ್ಲಿ ಒಂಬತ್ತು ವರದಿಗಳ ಆ ಖಾನೆಯಲ್ಲಿ ಒಂದೇ ವಾಕ್ಯವಿತ್ತು: ಅಲ್ಲಲ್ಲಿ ಸಣ್ಣ ಹಳದಿ ಕಲೆ, ನೀರಿನ ಕಬ್ಬಿಣದಿಂದ ಇರಬಹುದು.

ಇರಬಹುದು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ತಮ್ಮ ಕೈಕೆಳಗಿನವರು ಆ ಪದ ಬರೆದರೆ ಅವರು ಕೆಂಪು ಗೀಟು ಹಾಕುತ್ತಿದ್ದರು.

ಉಳಿಸಿಟ್ಟ ಲಡಿಯೊಂದನ್ನು ಕಿಟಕಿಯ ಬಳಿ ಬಿಡಿಸಿದರು. ಬಿಳಿ ಗೂಡಿನ ಬಿಳಿ ನೂಲು. ಶುರುವಿನ ಭಾಗದಲ್ಲಿ ಕಲೆಯೇ ಇಲ್ಲ. ಆಮೇಲೆ ಒಂದು, ಸ್ವಲ್ಪ ದೂರಕ್ಕೆ ಇನ್ನೊಂದು, ಮತ್ತೊಂದು. ನೀರಿನ ದೋಷವಾದರೆ ನೂಲಿನ ಉದ್ದಕ್ಕೂ ಇರಬೇಕಿತ್ತು. ಇದು ಯಾರೋ ಮುಟ್ಟಿ ಬಿಟ್ಟಂತಿತ್ತು.

ಅತ್ತೆಯ ಎಲೆಅಡಿಕೆ ತಟ್ಟೆಯಿಂದ ಒಂದು ಚೂರು ಸುಣ್ಣ ತಂದರು. ನೀರಲ್ಲಿ ಕದಡಿ ಒಂದು ಕಲೆಯ ಮೇಲೆ ಹಚ್ಚಿದರು.

ಕಲೆ ಕೆಂಪಾಯಿತು. ಆರತಿ ತಟ್ಟೆಯ ನೀರಿನ ಕೆಂಪು.

ಬೆಳಗ್ಗೆ ಕಂಡ ಲೋಟದ ಅಂಚು ನೆನಪಿಗೆ ಬಂತು. ಆಮೇಲೆ ಎದ್ದು ಬಸ್ಸಿಗೆ ಹೋದರು.

ನಾಲ್ಕು ಗಂಟೆಗೆ ನಾಗೇಂದ್ರ ಶೆಡ್ಡಿನಲ್ಲಿ ಕಾಯುತ್ತಿದ್ದ, ಜೇಬಿನಲ್ಲಿ ದೂರು. ಮಂಗಳಮ್ಮ ಬಾಯ್ಲರಿನ ಬಳಿ ನೆಲದ ಮೇಲೆ ಕೂತಿದ್ದಳು. ಸಿದ್ದು ಬಂದ. ಹೇಳಿದಂತೆ ಹೊಸ್ತಿಲ ಆಚೆಗೇ ನಿಂತ. ನಾಗೇಂದ್ರ ಅವನ ಕಡೆ ತಿರುಗಲಿಲ್ಲ.

"ತೆಗೆದವರು ಕಳ್ಳರಲ್ಲ," ಎಂದು ಅಲಮೇಲು ಶುರುಮಾಡಿದರು. "ಕಳ್ಳರಾದರೆ ಮೋಟಾರು ಒಯ್ಯುತ್ತಿದ್ದರು. ಕಂಪನಿಯವರಾದರೆ ನೋಟ್‌ಬುಕ್ ಒಯ್ಯುತ್ತಿದ್ದರು. ತೆಗೆದವರಿಗೆ ಯಂತ್ರದ ಮೇಲೆ ಕೋಪವೂ ಇಲ್ಲ. ಸ್ಕ್ರೂಗಳು ಕಳೆದುಹೋಗಬಾರದು ಎಂದು ಮುಚ್ಚಳದಲ್ಲಿ ಹಾಕಿಟ್ಟಿದ್ದಾರೆ. ಸಿದ್ದು ಅಲ್ಲ. ಅವರ ಹತ್ತಿರ ಅಳತೆಗೆ ಸರಿಯಾದ ಉಪಕರಣ ಇದೆ. ಈ ಸ್ಕ್ರೂಗಳ ತಲೆ ಸವೆದಿದೆ. ಇದನ್ನು ಬಿಚ್ಚಿದ್ದು ನಾಣ್ಯದಲ್ಲಿ."

ನಾಗೇಂದ್ರ ಮುಖ ಎತ್ತಿದ.

"ಮನೆಗೆ ಹೊರಗಿನವರು ಬಂದದ್ದು ಸಿದ್ದು ಒಬ್ಬರೇ. ಅವರಲ್ಲ ಎಂದಮೇಲೆ ಅಡುಗೆಮನೆಯ ಬೀಗದ ಕೈ ಯಾರ ಕೈಗೆ ಸಿಗುತ್ತದೆ? ಯಾವಾಗ ಹೋಯಿತು ಅನ್ನುವುದನ್ನೂ ನೋಡಿ. ಎಂಟು ತಿಂಗಳು ಕಣ್ಣು ಇಲ್ಲೇ ಇತ್ತು. ಮಂಗಳವಾರ ನೀವು ಪತ್ರ ಓದಿದಿರಿ. ಮನೆಯವರು ಯಾರೂ ಕೋಣೆಯೊಳಗೆ ಇರುವಂತಿಲ್ಲ ಎಂದು. ಗುರುವಾರ ಬೆಳಗ್ಗೆ ಅದು ಇಲ್ಲ."

"ಏನು ಹೇಳ್ತಿದ್ದೀರಿ ಮೇಡಂ?"

ಅಲಮೇಲು ಚೀಲದಿಂದ ಲಡಿ ತೆಗೆದು ಕೆಂಪಾದ ಕಲೆಯನ್ನು ತೋರಿಸಿದರು. ಇದು ಅರಿಶಿನ, ಸುಣ್ಣ ತಾಕಿ ಕೆಂಪಾಗಿದೆ ಎಂದರು. ಬಿರಿದ ಬೆರಳಿಗೆ ನೂಲು ತೆಗೆಯುವ ಹೆಂಗಸರು ಅರಿಶಿನ, ಹರಳೆಣ್ಣೆ ಕಲಸಿ ಹಚ್ಚುತ್ತಾರೆ. ಲಡಿಯ ಮೊದಲ ಹದಿನೈದು ಇಪ್ಪತ್ತು ನಿಮಿಷದ ನೂಲಿನಲ್ಲಿ ಕಲೆ ಇಲ್ಲ. ಅಷ್ಟು ಹೊತ್ತು ಯಂತ್ರ ತಾನೇ ನಡೆದಿದೆ. ಸಿದ್ದು ಹೇಳಿದ್ದು ಸರಿ, ಸಂದಿನಲ್ಲಿ ಅಂಟು ಕೂತಿದೆ. ಅಲ್ಲಿಂದಾಚೆಗೆ ಎಳೆ ಕೊಟ್ಟದ್ದು ಯಂತ್ರವಲ್ಲ.

"ಇದನ್ನು ನಾನು ಒಂಬತ್ತು ಸಲ ನೋಡಿ ನೀರಿನ ದೋಷ ಎಂದು ಬರೆದೆ. ಇಲ್ಲಿಗೆ ಎರಡು ಸಲ ಬಂದು, ಹತ್ತು ನಿಮಿಷ ಯಂತ್ರ ನೋಡಿ, ಕಾಫಿ ಕುಡಿದು ಹೋದೆ. ತಪ್ಪು ಮೊದಲು ನನ್ನದು." ಅವರು ಬಾಯ್ಲರಿನ ಕಡೆ ತಿರುಗಿದರು. "ಮಂಗಳಮ್ಮ, ಕೈ ತೋರಿಸಿ."

ಮಂಗಳಮ್ಮ ಕೈ ತೋರಿಸಲಿಲ್ಲ. ಸೊಂಟದ ಮಡಿಲಿಗೆ ಕೈ ಹಾಕಿ ಬಟ್ಟೆಯಲ್ಲಿ ಸುತ್ತಿದ ಪುಟ್ಟ ಡಬ್ಬಿ ತೆಗೆದು ಮುಂದಿಟ್ಟಳು.

"ಒಡದಾಕವಾ ಅಂತಿದ್ದೆ. ಆಗ್ನಿಲ್ಲ ಕಣವ್ವ. ಅವ್ನು ಮಾಡಿರದು."

"ಅವ್ವ," ಎಂದ ನಾಗೇಂದ್ರ.

"ಮೊದ್ಲ ದಿನ್ವೇ ಕಡೀತು ಮಗಾ. ನೀನು ಫ್ಯಾಕ್ಟ್ರಿಗೋಗಿದ್ದೆ. ಕಡೀತಲ್ಲ ಅಂತ ಒಂದೆಳೆ ಕೊಟ್ಟೆ. ಕೈಗೆ ಅಭ್ಯಾಸ. ನೀನು ಬಂದು ಲಡಿ ನೋಡ್ಬುಟ್ಟು, ಅವ್ವಾ ನಡೀತು ಅಂತ ನನ್ನ ಎತ್ಕಂಡು ಕುಣ್ದೆ. ಅಂಗೆ ನೀನು ನಕ್ಕಿದ್ನ ನಿಮ್ಮಪ್ಪ ತೀರೋದ್ಮೇಲೆ ನಾನು ನೋಡಿರ್ನಿಲ್ಲ. ನಾಳೆ ಯೋಳವಾ ಅಂದ್ಕಂಡೆ. ಆ ನಾಳೆ ಬರ್ನೇ ಇಲ್ಲ."

"ಭಾನುವಾರ ನಾನು ಇಲ್ಲೇ ಇರ್ತಿದ್ದೆ. ನಿನ್ನ ಪಕ್ಕದಲ್ಲೇ ಕೂತಿರ್ತಿದ್ದೆ."

"ಕೂತಿದ್ದೆ. ನನ್ ಕೈ ನೀರಲ್ಲೇ ಇರದು. ನೀನು ಬುಕ್ಕಲ್ಲಿ ಬರ್ಕತಿದ್ದೆ."

ಅವನಿಗೆ ಕಾಣಿಸಿಯೇ ಇತ್ತು. ತೊಟ್ಟಿಲಲ್ಲಿ ಮಲಗಿದ್ದಾಗಿನಿಂದ ಆ ಕೈಯನ್ನು ಆ ನೀರಿನಲ್ಲೇ ಕಂಡವನು. ಅಲ್ಲಿ ಅದು ಇರಬಾರದು ಎಂದು ಅವನಿಗೆ ಹೊಳೆದಿರಲಿಲ್ಲ, ಅಷ್ಟೇ.

"ಪೋಲೀಸು ಅಂದಾಗ್ಲೇ ಯೋಳ್ಬೇಕಿತ್ತು," ಎಂದಳು ಮಂಗಳಮ್ಮ, ಬಾಗಿಲ ಕಡೆ ನೋಡಿ. "ಬಾಯಿ ಬರ್ನಿಲ್ಲ ಕಣಪ್ಪ ಸಿದ್ದು. ಬೀಗದ ಕೋಣೇಲಿ ಅಷ್ಟು ಜನದ ಮುಂದೆ ಅವ್ನಿಗೆ ನಾಚ್ಕೆ ಆಯ್ತದಲ್ಲ ಅಂತ ಬಿಚ್ಚಿ ಇಟ್ಕಂಡೆ."

ಸಿದ್ದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

"ಸುಳ್ಳು," ಎಂದ ನಾಗೇಂದ್ರ. ಧ್ವನಿ ಸಮವಾಗಿತ್ತು. "ನಡೀತದೆ. ಈಗ್ಲೇ ತೋರಿಸ್ತೀನಿ."

ಡಬ್ಬಿ ಎತ್ತಿಕೊಂಡು ನಾಲ್ಕು ಸ್ಕ್ರೂ ಬಿಗಿದ. ತಂತಿ ಸೇರಿಸಿದ. ಗಾಜನ್ನು ಅಂಗಿಯ ಅಂಚಿನಲ್ಲಿ ಒರೆಸಿದ. ಬಾಯ್ಲರ್ ಬಿಸಿಯಿತ್ತು. ಬೇಯಿಸಿದ ಗೂಡು ಬಿಟ್ಟು, ಎಂಟು ಎಳೆ ಕೂಡಿಸಿ, ಸ್ವಿಚ್ ಹಾಕಿದ.

ಯಂತ್ರ ನಡೆಯಿತು. ರೀಲು ತಿರುಗಿತು. ಹಿತ್ತಾಳೆಯ ತೋಳು ಬಾಗಿತು, ಎಳೆ ಕೊಟ್ಟಿತು, ಎದ್ದಿತು. ಐದು ನಿಮಿಷ. ಹತ್ತು. ನಾಗೇಂದ್ರ ಅಲಮೇಲು ಅವರ ಮುಖ ನೋಡಿದ. ಅವರು ಗಡಿಯಾರ ನೋಡುತ್ತಿದ್ದರು.

ಹದಿನಾರನೆಯ ನಿಮಿಷಕ್ಕೆ ಒಂದು ಗೂಡು ಬರಿದಾಯಿತು. ತೋಳು ಬಾಗಲಿಲ್ಲ. ಇನ್ನೊಂದು ಬರಿದಾಯಿತು. ತೋಳು ಬಾಗಲಿಲ್ಲ. ನೂಲು ತೆಳುವಾಗುತ್ತ ಹೋಗುವುದು ನಾಲ್ವರಿಗೂ ಕಾಣುತ್ತಿತ್ತು.

ನೆಲದಿಂದ ಮಂಗಳಮ್ಮ ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ. ಕೈ ತಾನಾಗಿ ನೀರಿನ ಕಡೆ ಹೋಯಿತು.

ನಾಗೇಂದ್ರ ಆ ಮುಂಗೈಯನ್ನು ಗಾಳಿಯಲ್ಲೇ ಹಿಡಿದುಕೊಂಡ. ಹಿಡಿದು, ತಿರುಗಿಸಿ, ಬೆರಳುಗಳನ್ನು ನೋಡಿದ. ತುದಿಗಳಲ್ಲಿ ಚರ್ಮವಿರಲಿಲ್ಲ. ಬಿರುಕುಗಳೊಳಗೆ ಅರಿಶಿನ ಕೂತಿತ್ತು.

ನೂಲು ಕಡಿಯಿತು. ನೂಲು ಬಾರದ ರೀಲು ಹಾಗೆಯೇ ತಿರುಗುತ್ತಿತ್ತು, ಮೊದಲಿನಷ್ಟೇ ಸದ್ದು ಮಾಡುತ್ತ. ನಾಗೇಂದ್ರ ತಾಯಿಯ ಕೈ ಬಿಡಲಿಲ್ಲ. ಯಂತ್ರ ನಿಲ್ಲಿಸಲೂ ಇಲ್ಲ.

ಸ್ವಲ್ಪ ಹೊತ್ತು ಕಾದು, ಸಿದ್ದು ಹೊಸ್ತಿಲ ಆಚೆ ನಿಂತೇ, ಕೈಯೊಂದನ್ನು ಮಾತ್ರ ಒಳಗೆ ಚಾಚಿ, ಸ್ವಿಚ್ ಆರಿಸಿದ.